ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರೇ ಉಳಿಯುವ ದಿನ

ರಾಯಬಾಗ, ಅಥಣಿ ಕಡೆಯ ತೋಟದ ಶಾಲೆಗಳು, ಇಂಡಿ, ಮುದ್ದೇಬಿಹಾಳ ಭಾಗದ ತಾಂಡಾ (ಲಂಬಾಣಿ ಜನವಸತಿ) ಶಾಲೆಗಳು ಹಲವು ಇಬ್ಬರೇ ಶಿಕ್ಷಕರ ಮೇಲೆ ನಡೆಯುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4. ಈ ಲೆಕ್ಕ ಮಕ್ಕಳ ತಲೆ ಎಣಿಸುತ್ತದೆ, ತರಗತಿಗಳನ್ನಲ್ಲ. ಶಾಲೆಯಲ್ಲಿ 38 ಮಕ್ಕಳಿದ್ದರೂ ತರಗತಿ ಐದೇ. ಒಬ್ಬರು ನಲಿ-ಕಲಿಯ (ಕಾರ್ಡು, ಚಟುವಟಿಕೆಗಳ ಮೂಲಕ ಸಣ್ಣ ತರಗತಿಗಳನ್ನು ಒಟ್ಟಿಗೆ ಕಲಿಸುವ ಪದ್ಧತಿ) ಒಂದರಿಂದ ಮೂರು, ಇನ್ನೊಬ್ಬರು ನಾಲ್ಕು-ಐದು ಹಿಡಿದರೆ ಕೆಲಸ ಸಾಗುತ್ತದೆ. ಇಬ್ಬರಲ್ಲಿ ಒಬ್ಬರು ಬಾರದ ದಿನ ಐದೂ ತರಗತಿ ಒಬ್ಬರ ಮೇಲೆ ಬೀಳುತ್ತವೆ. ಸಣ್ಣ ಶಾಲೆಯ ಸಿಬ್ಬಂದಿ ವ್ಯವಸ್ಥೆ ಸರಿಯಿದೆಯೋ ಇಲ್ಲವೋ ಎಂಬುದನ್ನು ಆ ದಿನ ನೋಡಿಯೇ ಹೇಳಬೇಕು.

ಕಚೇರಿಯ ಪಟ್ಟಿಯಲ್ಲಿ ಎರಡು ಅಂಕಣ ಇರುತ್ತವೆ: ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ. ಮೂರನೆಯದೊಂದು ಬೇಕು: ಆ ತಿಂಗಳು ಆ ಶಾಲೆಯಲ್ಲಿ ನಿಜವಾಗಿ ಪಾಠ ನಡೆದ ಶಿಕ್ಷಕ-ದಿನಗಳು. ತಿಂಗಳಲ್ಲಿ 24 ಕೆಲಸದ ದಿನ ಇದ್ದರೆ ಇಬ್ಬರ ಶಾಲೆಗೆ 48 ಸಿಗಬೇಕು. ನಿಯೋಜನೆ ಮೇಲೆ ಬೇರೆ ಶಾಲೆಗೆ ಹೋದವರ ವೇತನ ಇಲ್ಲೇ ಆಗುತ್ತದೆ, ಹುದ್ದೆ ಭರ್ತಿ ಎಂದೇ ಕಾಣುತ್ತದೆ, ಆದರೆ 48ರಲ್ಲಿ 24 ಮಾಯ. ಅದರ ಮೇಲೆ ತರಬೇತಿ, ಸಭೆ, ಓಓಡಿ (ಬೇರೆ ಕರ್ತವ್ಯದ ಮೇಲೆ ಹೋಗುವುದು), ರಜೆ. ಈ ಮೂರನೇ ಅಂಕಣವಿಲ್ಲದೆ ಮಾಡಿದ ನಿಯೋಜನೆ ಎಷ್ಟೋ ಸಲ ಒಂದು ಶಾಲೆಯ ಕೊರತೆ ತುಂಬಲು ಇನ್ನೊಂದನ್ನು ಏಕೋಪಾಧ್ಯಾಯ ಶಾಲೆ ಮಾಡಿಬಿಡುತ್ತದೆ. ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಒಪ್ಪಿತ ಕೆಲಸಕ್ಕೂ ಇಬ್ಬರ ಶಾಲೆಯಿಂದ ಇಬ್ಬರನ್ನೂ ಒಂದೇ ದಿನ ಕರೆಯಬಾರದು. ತರಬೇತಿಯ ಪಟ್ಟಿ ಮಾಡುವವರು ಇದಿಷ್ಟು ನೋಡಿಕೊಂಡರೂ ಬಹಳಷ್ಟು ದಿನ ಉಳಿಯುತ್ತವೆ.

ಶಾಲೆಯ ಒಳಗೂ ಮಾಡಬೇಕಾದದ್ದಿದೆ. ಲಗ್ನಸರಾಯಿ, ಜಾತ್ರೆ ದಿನಗಳ ರಜೆಯನ್ನು ತಿಂಗಳ ಮೊದಲೇ ಮಾತಾಡಿ ಹಂಚಿಕೊಳ್ಳಬೇಕು. ಇಬ್ಬರೂ ಒಂದೇ ಊರಿಂದ ಒಂದೇ ಬಸ್ಸಿಗೆ ಬರುವವರಾದರೆ ಆ ಬಸ್ಸು ತಪ್ಪಿದ ದಿನ ಶಾಲೆಯ ಬೀಗ ತೆಗೆಯುವವರಿಲ್ಲ; ಒಂದು ಕೀಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಮನೆಯಲ್ಲಿರಲಿ. ಪ್ರಭಾರಿ ಮುಖ್ಯ ಶಿಕ್ಷಕರು ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆಗಳನ್ನು ಪಾಠದ ಹೊತ್ತಿನಲ್ಲಿ ಮುಟ್ಟದೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕೂತು ಮುಗಿಸುವುದು ಒಳ್ಳೆಯದು.

ಒಬ್ಬರೇ ಉಳಿದ ದಿನ ಐದೂ ತರಗತಿಯನ್ನು ಒಂದೇ ಕೋಣೆಗೆ ತುಂಬಿ ಮಗ್ಗಿ ಹೇಳಿಸುವುದು ರೂಢಿ. ಅದರಿಂದ ಯಾರಿಗೂ ಉಪಯೋಗವಿಲ್ಲ. ಕಪಾಟಿನಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ತಲಾ 10 ಅಭ್ಯಾಸ ಹಾಳೆಗಳ ಕಟ್ಟು ಸಿದ್ಧವಿರಬೇಕು, ಎಲ್ಲವೂ ಆಗಲೇ ಕಲಿಸಿದ ಪಾಠದ ಮೇಲಿನವು. ಮೊದಲ 80 ನಿಮಿಷ ಶಿಕ್ಷಕರು ನಲಿ-ಕಲಿ ಮಕ್ಕಳ ಜೊತೆ, ದೊಡ್ಡವರು ಹಾಳೆಯ ಮೇಲೆ. ಆಮೇಲೆ ಸಣ್ಣವರಿಗೆ ಸ್ವಂತವಾಗಿ ಮಾಡಬಲ್ಲ ಕಾರ್ಡು ಕೊಟ್ಟು ದೊಡ್ಡವರ ಹಾಳೆ ಅಲ್ಲೇ ತಿದ್ದಬೇಕು. ಆ ದಿನ ಹೊಸ ಪಾಠ ಬೇಡ.

ಇನ್ನು ಮೇಲ್ವಿಚಾರಣೆ. ಒಬ್ಬ ಸಿಆರ್‌ಪಿಗೆ (ಶಾಲೆಗಳ ಭೇಟಿ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) 18 ಶಾಲೆಯವರೆಗೆ ಎಂಬುದು ಮಾನದಂಡ. ಭೇಟಿಗೆ ಹೋದವರು ಬಂದೊಡನೆ ವಹಿಗಳನ್ನು ಕೇಳಿದರೆ ಶಿಕ್ಷಕರು ಪಾಠ ನಿಲ್ಲಿಸಿ ಏಳಬೇಕು. ಇಬ್ಬರ ಶಾಲೆಯಲ್ಲಿ ಮೂರು ತರಗತಿ ಅಲ್ಲಿಗೆ ನಿಂತವು. ವಹಿ ಮಧ್ಯಾಹ್ನದ ಬಿಡುವಿನಲ್ಲಿ ನೋಡಬಹುದು. ಮೊದಲು ಹಿಂದಿನ ಸಾಲಿನಲ್ಲಿ ಕೂತು ಒಂದು ಪೂರ್ತಿ ಅವಧಿ, 40 ನಿಮಿಷ, ನೋಡಬೇಕು. ನಂತರ ತಾವೇ ಆರಿಸಿದ ಮೂರು ಮಕ್ಕಳ ನೋಟ್‌ಬುಕ್ ತೆಗೆದು, ತಪ್ಪಿಗೆ ಕೆಂಪು ಗೀಟು ಬಿದ್ದ ಕಡೆ ಮಗು ಮತ್ತೆ ಸರಿಯಾಗಿ ಬರೆದಿದೆಯೇ ಎಂದು ಹುಡುಕಬೇಕು.

ಒಂದು ಲೆಕ್ಕದಿಂದ ಎಷ್ಟು ತಿಳಿಯುತ್ತದೆ ನೋಡಿ. ನಾಲ್ಕನೇ ತರಗತಿಗೆ 302ರಲ್ಲಿ 147 ಕಳೆಯಲು ಕೊಡಿ. ಸರಿ ಉತ್ತರ 155. ಹಲವು ಮಕ್ಕಳು 245 ಬರೆಯುತ್ತಾರೆ. ಅವರು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದ್ದಾರೆ: 7ರಲ್ಲಿ 2 ಹೋದರೆ 5, 4ರಲ್ಲಿ 0 ಹೋದರೆ 4, 3ರಲ್ಲಿ 1 ಹೋದರೆ 2. ಒಂದಿಬ್ಬರು ಹೀಗೆ ಮಾಡಿದರೆ ಅವರಿಗೆ ಬೇರೆ ಅಭ್ಯಾಸ ಸಾಕು. ಅರ್ಧ ತರಗತಿ 245 ಬರೆದಿದ್ದರೆ ಸ್ಥಾನಬೆಲೆ ಕೈಯಲ್ಲಿ ಹಿಡಿದು ಕಲಿತಿಲ್ಲ ಎಂದರ್ಥ. ಕಡ್ಡಿಗಳನ್ನು ಹತ್ತರ ಕಟ್ಟು, ನೂರರ ಕಟ್ಟು ಮಾಡಿ, ಒಂದು ನೂರು ಬಿಚ್ಚಿ ಹತ್ತು ಹತ್ತುಗಳಾಗಿಸಿ, ಅದರಲ್ಲಿ ಒಂದು ಹತ್ತು ಬಿಚ್ಚಿ ಬಿಡಿಗೆ ಸೇರಿಸಿದರೆ 2 ನೂರು, 9 ಹತ್ತು, 12 ಬಿಡಿ ಎದುರಿಗೇ ಕಾಣುತ್ತವೆ. ಸಂದರ್ಶನ ಪುಸ್ತಕದಲ್ಲಿ ‘ಬೋಧನೆ ಉತ್ತಮಪಡಿಸಿಕೊಳ್ಳುವುದು’ ಎಂದು ಬರೆದರೆ ಶಿಕ್ಷಕರಿಗೆ ಅದರಿಂದ ಸಿಗುವುದೇನೂ ಇಲ್ಲ. ‘4ನೇ ತರಗತಿಯ 9ರಲ್ಲಿ 6 ಮಕ್ಕಳಿಗೆ ಸೊನ್ನೆ ಇರುವ ದಶಕ ಸಹಿತ ವ್ಯವಕಲನ (ಹತ್ತು ಬಿಚ್ಚಿ ಕಳೆಯುವುದು) ಬರುತ್ತಿಲ್ಲ, ಮೂರು ದಿನ ಕಡ್ಡಿ ಕಟ್ಟಿನಿಂದ ಮಾಡಿಸುವುದು’ ಎಂದು ಬರೆಯಬೇಕು. ಮುಂದಿನ ಭೇಟಿಯಲ್ಲಿ ಅಂಥದೇ ಲೆಕ್ಕ ಕೊಟ್ಟು ನೋಡಬೇಕು. ಹೇಳುವುದನ್ನು ಮಕ್ಕಳೆದುರು ಹೇಳಬಾರದು. ಮಕ್ಕಳ ಮುಂದೆ ಅಕ್ಕೋರ (ಶಿಕ್ಷಕಿಯ) ತಪ್ಪು ಎತ್ತಿದರೆ ನಾಳೆಯಿಂದ ಆ ತರಗತಿ ಅವರ ಮಾತು ಕೇಳುವುದಿಲ್ಲ.

ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ತೆಗೆದುಕೊಂಡ ಅತಿಥಿ ಶಿಕ್ಷಕರು ಬಂದಾಗ ಅವರಿಗೆ ಒಂದನೇ ತರಗತಿ ಒಪ್ಪಿಸಿಬಿಡುವುದು ಸಾಮಾನ್ಯ. ಸಣ್ಣ ಮಕ್ಕಳು, ಸುಲಭ ಎಂಬ ಭಾವನೆ. ನಲಿ-ಕಲಿಗೆ ತರಬೇತಿ ಬೇಕು. ತಾಂಡಾದಲ್ಲಂತೂ ಮನೆಯಲ್ಲಿ ಲಂಬಾಣಿ ಆಡುವ ಮಗುವನ್ನು ಕನ್ನಡ ಓದಿಗೆ ತರುವುದು ಇಡೀ ಶಾಲೆಯಲ್ಲೇ ಕಷ್ಟದ ಕೆಲಸ. ಅನುಭವಿಗಳು ಕೆಳಗಿನ ತರಗತಿ ಇಟ್ಟುಕೊಂಡು ನಾಲ್ಕು-ಐದನ್ನು ಅತಿಥಿ ಶಿಕ್ಷಕರಿಗೆ ಕೊಡಲಿ. ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ (ನಲಿ-ಕಲಿಯ ಕಲಿಕೆಯ ಹಂತ), ಯಾವ ಲೆಕ್ಕದಲ್ಲಿ ಎಡವುತ್ತದೆ ಎಂಬ ಒಂದು ಹಾಳೆ ತರಗತಿಗೊಂದರಂತೆ ಇರಬೇಕು. ಕಬ್ಬಿನ ಹಂಗಾಮಿಗೆ ತಂದೆತಾಯಿಯ ಜೊತೆ ಹೋದ ಮಗು ಮರಳಿ ಬಂದಾಗ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದೂ ಈ ಹಾಳೆಯಿಂದಲೇ. ಅತಿಥಿ ಶಿಕ್ಷಕರಿಗೆ ಬಂದ ದಿನವೇ ಅದನ್ನು ಕೊಟ್ಟು, ಮಾರ್ಚಿನಲ್ಲಿ ಹೊಸದಾಗಿ ತುಂಬಿಸಿ ವಾಪಸು ಪಡೆಯಬೇಕು.