ಪಾಯಿಂಟ್ ಒಂಬತ್ತು ಅಂದ್ರೆ ನಾರ್ಮಲ್ಲಾ?

ಮೂರು ಜನರ ಲ್ಯಾಬ್ ಚೀಟಿ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಮೂರರಲ್ಲೂ ಕ್ರಿಯಾಟಿನಿನ್ 0.9. ಪಕ್ಕದಲ್ಲಿ ‘ನಾರ್ಮಲ್’ ಅಂತ ಪ್ರಿಂಟಾಗಿದೆ. ಒಬ್ಬ ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿ ಚೀಲ ಹೊರುವ ಹಮಾಲ, 30 ವರ್ಷ, 60 ಕಿಲೋ. ಇನ್ನೊಬ್ಬರು ಆಳಂದದ ಕಡೆಯ ಅವ್ವ, 60 ವರ್ಷ, 43 ಕಿಲೋ. ಮೂರನೆಯವಳು ಐದು ತಿಂಗಳ ಬಸುರಿ. ಮೂವರಿಗೂ ಎಚ್‌ಐವಿ. ಮೂವರೂ ಗುಳಿಗೆ ಶುರು ಮಾಡಬೇಕು. ಆದರೆ ಆ 0.9 ಮೂವರಿಗೂ ಬೇರೆ ಬೇರೆ ಕಥೆ ಹೇಳುತ್ತಿದೆ.

ಕ್ರಿಯಾಟಿನಿನ್ ಅಂದರೆ ಮಾಂಸಖಂಡದ ಕಸ. ಖಂಡ ಜಾಸ್ತಿ ಇದ್ದರೆ ಕಸವೂ ಜಾಸ್ತಿ. ಅದನ್ನು ಗುಡಿಸಿ ಹೊರಹಾಕುವುದು ಕಿಡ್ನಿ. 1886ರಲ್ಲಿ ಮ್ಯಾಕ್ಸ್ ಯಾಫೆ ಎಂಬ ಜರ್ಮನ್ ವಿಜ್ಞಾನಿ ಪಿಕ್ರಿಕ್ ಆಸಿಡ್ ಜೊತೆ ಸೇರಿದಾಗ ಇದು ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ಕಂಡ. ಬೀದರ್ ಕೋಟೆಯ ಮಣ್ಣು ಮೆತ್ತಿದಾಗ ಬಿದರಿ ಹೂಜಿ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದಲ್ಲ, ಹೆಚ್ಚೂಕಡಿಮೆ ಅಂಥದೇ ಜಾದೂ. ಎಷ್ಟೋ ಲ್ಯಾಬುಗಳಲ್ಲಿ ಇವತ್ತಿಗೂ ಅದೇ ಬಣ್ಣ ನೋಡಿಯೇ ಅಳೆಯುತ್ತಾರೆ. ಆದರೆ ಬಣ್ಣ ಹೇಳುವುದು ಅಂಗಳದಲ್ಲಿ ಎಷ್ಟು ಕಸ ಬಿದ್ದಿದೆ ಅಂತ ಮಾತ್ರ. ಗುಡಿಸುವ ಕೈ ಎಷ್ಟು ಚುರುಕು ಅಂತ ಅಲ್ಲ. ಕಸವೇ ಬೀಳದ ಮನೆಯಲ್ಲಿ ಸೋಮಾರಿ ಆಳೂ ಬಚಾವ್!

ಅದಕ್ಕೇ ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತದಿಂದ ಈ ಕಸ ಗುಡಿಸುತ್ತದೆ ಅಂತ ಅಂದಾಜಿಸುವ ಒಂದು ಲೆಕ್ಕ ಬೇಕು. 140ರಲ್ಲಿ ವಯಸ್ಸು ಕಳೆಯಿರಿ. ತೂಕದಿಂದ ಗುಣಿಸಿ. ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಿ. ಹಮಾಲನಿಗೆ ನಿಮಿಷಕ್ಕೆ ಸುಮಾರು 102 ಮಿಲಿಲೀಟರ್. ಅವ್ವನಿಗೆ 45. ಅದೇ 0.9, ಅದೇ ‘ನಾರ್ಮಲ್’! ಈ ಸೂತ್ರ 1976ರದ್ದು. ಕಾಕ್‌ಕ್ರಾಫ್ಟ್, ಗಾಲ್ಟ್ ಎಂಬಿಬ್ಬರು ಕೆನಡಾದಲ್ಲಿ 249 ರೋಗಿಗಳನ್ನು ನೋಡಿ ಕಟ್ಟಿದ್ದು. ಅವರಲ್ಲಿ ಬಹುತೇಕ ಎಲ್ಲರೂ ಗಂಡಸರು. ಹೆಂಗಸರಿಗೆ ಖಂಡ ಕಡಿಮೆ ಅಂತ 15 ಪರ್ಸೆಂಟ್ ಕಳೆದುಬಿಟ್ಟರು. ಅಂದಾಜಿನ ಮೇಲೆ! ಆದರೂ ಐವತ್ತು ವರ್ಷದಿಂದ ನಮ್ಮ ಕೆಲಸ ನಡೆಸಿಕೊಂಡು ಬಂದಿದೆ.

ಎಚ್‌ಐವಿ ಗುಳಿಗೆ ಕೊಡುವವರಿಗೆ ಈ ಲೆಕ್ಕದಲ್ಲಿ 50 ಅನ್ನುವುದು ದೊಡ್ಡ ಗಡಿ. ಈಗ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೊಡುವುದು ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ. ಕಿಡ್ನಿಯ ಜೊತೆ ತಕರಾರು ಇರುವುದು ಟೆನೊಫೋವಿರ್‌ಗೆ. ಕಿಡ್ನಿಯ ಸಣ್ಣ ಕೊಳವೆಯ ಗೋಡೆಯಲ್ಲಿರುವ ಒಂದೊಂದು ಜೀವಕೋಶವನ್ನೂ ಗಂಜಿನ ಗೋದಾಮು ಅಂದುಕೊಳ್ಳಿ. ಹಿಂದಿನ ಬಾಗಿಲಲ್ಲಿ ರಕ್ತದಿಂದ ಔಷಧಿಯ ಚೀಲ ಒಳಗೆ ಬರುತ್ತದೆ. ಮುಂದಿನ ಬಾಗಿಲಲ್ಲಿ ಮೂತ್ರಕ್ಕೆ ಇಳಿಯುತ್ತದೆ. ಒಳಗೆ ತರುವವರು ಜೋರು, ಹೊರಗೆ ಹಾಕುವವರು ನಿಧಾನ ಆದರೆ? ಚೀಲದ ಮೇಲೆ ಚೀಲ. ಕೊನೆಗೆ ಮೂಲೆಯಲ್ಲಿರುವ ಜನರೇಟರ್ ಮೇಲೂ ಚೀಲ. ಜನರೇಟರ್ ಅಂದರೆ ಮೈಟೊಕಾಂಡ್ರಿಯಾ. ಅದು ಕೆಟ್ಟರೆ ದೇಹಕ್ಕೆ ವಾಪಸ್ ಕಳಿಸಬೇಕಾದ ಸಕ್ಕರೆ, ಫಾಸ್ಫೇಟ್ ಎಲ್ಲ ಮೂತ್ರದಲ್ಲಿ ಸೋರಿಹೋಗುತ್ತದೆ. ರಕ್ತದಲ್ಲಿ ಶುಗರ್ ಸರಿಯಾಗಿದೆ, ಮೂತ್ರದಲ್ಲಿ ಮಾತ್ರ ಸಕ್ಕರೆ ಅಂದರೆ ಡಾಕ್ಟರ್ ಕಿವಿ ನಿಮಿರುತ್ತದೆ.

ಹಾಗಂತ ಇದು ಎಲ್ಲರಿಗೂ ಆಗುವುದಿಲ್ಲ. ಕಿಡ್ನಿ ಮೊದಲೇ ಸೋತವರಿಗೆ, ವಯಸ್ಸಾದವರಿಗೆ, ಸೊಂಟನೋವಿಗೆ ಸುಮ್ನೆ ಸುಮ್ನೆ ಡೈಕ್ಲೋಫಿನಾಕ್ ಹಾಕಿಸಿಕೊಳ್ಳುವವರಿಗೆ ಅಪಾಯ ಜಾಸ್ತಿ. ಲೆಕ್ಕ 50ಕ್ಕಿಂತ ಕೆಳಗೆ ಬಂದ ಅವ್ವನಂಥವರಿಗೆ ಟೆನೊಫೋವಿರ್ ಬದಲು ಅಬಕಾವಿರ್ ಅನ್ನುವ ಇನ್ನೊಂದು ಔಷಧಿ ಇದೆ.

‘ಎಚ್‌ಐವಿ ಗುಳಿಗೆ ಕಿಡ್ನಿ ತಿಂತದ’ ಅಂತ ಬಸ್‌ಸ್ಟ್ಯಾಂಡಿನಲ್ಲಿ ಹೇಳುವವರಿಗೆ ನನ್ನದೊಂದು ಮಾತು. ಚಿಕಿತ್ಸೆ ಇಲ್ಲದೆ ಬಿಟ್ಟರೆ ಆ ವೈರಸ್ಸೇ ಕಿಡ್ನಿ ಕೆಡಿಸಬಲ್ಲದು. ಇನ್ನೊಂದು ಮೋಜು ಕೇಳಿ. ಕ್ರಿಯಾಟಿನಿನ್ ಹೊರಗೆ ಹೋಗುವ ಒಂದು ಕಳ್ಳದಾರಿಯನ್ನು ಡೊಲುಟೆಗ್ರಾವಿರ್ ಮುಚ್ಚುತ್ತದೆ. ಹಾಗಾಗಿ ಮೊದಲ ಕೆಲವು ವಾರದಲ್ಲಿ 0.9 ಇದ್ದದ್ದು 1.0 ಆಗಬಹುದು. ಕಿಡ್ನಿಗೆ ಏನೂ ಆಗಿರುವುದಿಲ್ಲ. ಅದನ್ನೇ ನೋಡಿ ಹೆದರಿ ಗುಳಿಗೆ ಬಿಟ್ಟು ಭಸ್ಮದ ಪೊಟ್ಟಣ ಹಿಡಿದರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಈಗ ಬಸುರಿ. ಗರ್ಭ ನಿಂತ ಮೊದಲ ತಿಂಗಳುಗಳಲ್ಲೇ ಕಿಡ್ನಿ ಸೋಸುವ ವೇಗ ಹೆಚ್ಚೂಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ಕಸ ಬೇಗ ಖಾಲಿ. ಆರೋಗ್ಯವಂತ ಬಸುರಿಯ ಕ್ರಿಯಾಟಿನಿನ್ 0.5ರ ಆಸುಪಾಸಿಗೆ ಇಳಿಯಬೇಕು. ಹಾಗಾಗಿ ಅವಳ 0.9 ಹಮಾಲನ 0.9 ಅಲ್ಲ. ಸೂತ್ರವೂ ಅವಳಿಗೆ ನಡೆಯುವುದಿಲ್ಲ, ತೂಕದಲ್ಲಿ ಕೂಸೂ ಇದೆಯಲ್ಲ! ಬಿಪಿ ನೋಡಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಬೇಕು. ಆದರೆ ರಿಪೋರ್ಟ್ ಬರಲಿ ಅಂತ ಚಿಕಿತ್ಸೆ ತಡೆಹಿಡಿದು ಕೂರಬಾರದು. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಕೂಸಿಗೆ ಎಚ್‌ಐವಿ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾಗಿ ಗುಳಿಗೆ ತಗೊಂಡರೆ ಅದು 5ಕ್ಕಿಂತ ಕಡಿಮೆ.

ಹೋದ ಬೇಸಿಗೆ ಒಂದು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ. ಒಬ್ಬ ಹಿರಿಯ ಹೆಂಗಸು ತೂಕದ ಯಂತ್ರ ಹತ್ತಿದರು. ಯಾವ ಕಾಯಿಲೆಗೆ ಬಂದಿದ್ದರೋ ಏನೋ. ಮುಳ್ಳು 48ಕ್ಕೆ ನಿಂತಿತು. ನರ್ಸ್ ಪೆನ್ ತೆಗೆದವರು ತಲೆ ಎತ್ತಿ ನೋಡಿದರು. ‘ಯವ್ವಾ, ಹೆಗಲ ಮ್ಯಾಲಿನ ಚೀಲ ಕೆಳಗ ಇಡು.’ ಮಗಳ ಮನೆಗೆ ಅಂತ ತಂದ ತೊಗರಿಬೇಳೆ, ಐದು ಕಿಲೋ. ಇಳಿಸಿ ಹತ್ತಿದರೆ 43. ನನ್ನ ತಲೆಯಲ್ಲಿ ಸೂತ್ರ ಓಡಿತು. 60 ವರ್ಷ, 0.9 ಅಂತ ಹಿಡಿದರೆ ಚೀಲದ ಜೊತೆ 50, ಚೀಲ ಇಲ್ಲದೆ 45.