ಕೊಬ್ಬರಿ ಎಣ್ಣೆ ಬಾಟಲಿ ಮತ್ತು ದಕ್ಷಿಣ ಧ್ರುವದ ವಿಮಾನ

ದಾವಣಗೆರೆಯ ಚಳಿ ಅಳೆಯಲು ನಮ್ಮ ಮನೆಯಲ್ಲಿ ಥರ್ಮಾಮೀಟರ್ ಬೇಕಿಲ್ಲ. ಬಚ್ಚಲಮನೆ ಗೂಡಿನ ಕೊಬ್ಬರಿ ಎಣ್ಣೆ ಬಾಟಲಿಯೇ ಸಾಕು. ಡಿಸೆಂಬರ್ ಬಂತೆಂದರೆ ಬೆಳಗಿನ ಹೊತ್ತು ಅದು ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ತಲೆಕೆಳಗು ಮಾಡಿ ಬಡಿದರೂ ಒಂದು ಹನಿ ಇಳಿಯದು. ಮಾಳಿಗೆ ಮೇಲೆ ಬಿಸಿಲಿಗಿಟ್ಟರೆ ಮತ್ತೆ ನೀರು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು 24 ಡಿಗ್ರಿಯ ಆಸುಪಾಸಿನಲ್ಲಿ.

ವಿಮಾನದ ಇಂಧನಕ್ಕೂ ಇದೇ ಗತಿ, ಡಿಗ್ರಿ ಮಾತ್ರ ಬೇರೆ. ಪ್ರಯಾಣಿಕರ ವಿಮಾನಗಳಿಗೆ ತುಂಬಿಸುವ ಜೆಟ್ ಎ-1 ಮೈನಸ್ 47ರ ಹತ್ತಿರ ಮೇಣದ ಹರಳು ಕಟ್ಟತೊಡಗುತ್ತದೆ. ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಅಮಂಡ್ಸೆನ್-ಸ್ಕಾಟ್ ನೆಲೆಯಲ್ಲಿ ವರ್ಷದ ಸರಾಸರಿಯೇ ಮೈನಸ್ 49! 1982ರ ಜೂನ್‌ನಲ್ಲಿ ಮೈನಸ್ 82.8ಕ್ಕೂ ಇಳಿದಿತ್ತು. ಅಲ್ಲಿಗಾಗಿ ಬೇರೆಯದೇ ಇಂಧನ ಇದೆ, ಅದಕ್ಕೂ ಒಂದು ಮಿತಿ ಇದೆ. ಹಾಗಾಗಿ ಫೆಬ್ರವರಿ ನಡುವಿಗೆ ಕೊನೆಯ ವಿಮಾನ ಹೊರಟರೆ ಅಕ್ಟೋಬರ್ ಕೊನೆಯವರೆಗೆ ದಾರಿ ಬಂದ್. ನಲವತ್ತು ಚಿಲ್ಲರೆ ಜನ ಒಳಗೆ.

ಮುತ್ತಿಗೆ ಬಿದ್ದ ಕೋಟೆಯ ಲೆಕ್ಕವೇ ಇದು. ಚಿತ್ರದುರ್ಗದ ಕೋಟೆ ಹತ್ತಿದವರು ಎಣ್ಣೆಕೊಳ ಎಂದು ತೋರಿಸುವ ಕಲ್ಲಿನ ಗುಂಡಿಗಳನ್ನೂ ಅಕ್ಕ-ತಂಗಿ ಹೊಂಡವನ್ನೂ ನೋಡಿರುತ್ತಾರೆ. ಬಾಗಿಲು ಹಾಕುವ ಮೊದಲೇ ಎಣ್ಣೆ, ನೀರು ಒಳಗಿರಬೇಕು.

ಧ್ರುವದ ನೆಲೆಗೆ ಇಂಧನ ಬರುವುದು ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ. ವಿಮಾನದಲ್ಲಿ ಬರುವ ಪಾಲಿಗೆ ಕರಾವಳಿಯ ಮೆಕ್‌ಮರ್ಡೊ ನೆಲೆಯಿಂದ ಸುಮಾರು 1,350 ಕಿ.ಮೀ., ಮೂರು ತಾಸಿನ ಹಾರಾಟ. ವಿಮಾನ, ಹಿಮದ ಮೇಲೆ ಜಾರುವ ಸ್ಕೀ ಹಲಗೆ ಕಟ್ಟಿದ ಹರ್ಕ್ಯುಲಿಸ್ ಎಂಬ ದೈತ್ಯ. ಇಳಿದ ಮೇಲೂ ಎಂಜಿನ್ ಆರಿಸುವುದಿಲ್ಲ. ತಣ್ಣಗಾದರೆ ಮತ್ತೆ ಹೊತ್ತಿಸುವುದು ಯಾರಿಗೆ ಬೇಕು? ಫ್ಯಾನು ತಿರುಗುತ್ತಿರುವಾಗಲೇ ಸಾಮಾನು ಇಳಿಸಿ, ತನ್ನದೇ ಟ್ಯಾಂಕಿನ ಇಂಧನವನ್ನು ನೆಲೆಗೆ ಬಸಿದುಕೊಟ್ಟು ವಾಪಸು ಹೊರಡುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎಂಜಿನ್ ಆರಿಸದೆ ನಿಲ್ಲುವ ಡ್ರೈವರುಗಳಿಗೆ ಇಷ್ಟು ಒಳ್ಳೆಯ ಕಾರಣ ಇಲ್ಲ ಬಿಡಿ.

ಇನ್ನೊಂದು ವಿಚಿತ್ರವಿದೆ. ಹಿಮ ಜಾರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಜಾರುವುದು, ತಿಕ್ಕಾಟದ ಬಿಸಿಗೆ ಸ್ಕೀ ಕೆಳಗೆ ಕೂದಲೆಳೆಯಷ್ಟು ನೀರಿನ ಪದರ ಹುಟ್ಟಿದರೆ. ಮೈನಸ್ ಐವತ್ತರಲ್ಲಿ ಆ ಪದರ ಸರಿಯಾಗಿ ಹುಟ್ಟುವುದಿಲ್ಲ. ಹಿಮ ಹೊಳೆದಂಡೆಯ ಒಣಮರಳಿನಂತೆ ಹಿಡಿದೆಳೆಯುತ್ತದೆ. 1956ರ ಅಕ್ಟೋಬರ್ 31ರಂದು ಧ್ರುವದಲ್ಲಿ ಮೊಟ್ಟಮೊದಲು ಇಳಿದ ವಿಮಾನದ ಸ್ಕೀಗಳು ಮುಕ್ಕಾಲು ಗಂಟೆಯಲ್ಲೇ ಅಲ್ಲಿಗೆ ಅಂಟಿಕೊಂಡವು. ರಾಕೆಟ್‌ಗಳನ್ನು ಉರಿಸಿ ಕಿತ್ತುಕೊಂಡು ಬರಬೇಕಾಯಿತು.

ಸುತ್ತ 2,700 ಮೀಟರ್ ದಪ್ಪದ ಮಂಜುಗಡ್ಡೆ, ಆದರೆ ಕುಡಿಯಲು ಬರ. ಬಿಸಿನೀರು ಇಳಿಬಿಟ್ಟು ಮಂಜಿನೊಳಗೆ ಬಾವಿ ಕರಗಿಸುತ್ತಾರೆ, ಅದಕ್ಕೆ ಬಿಸಿ ಜನರೇಟರ್‌ನಿಂದ. ಅಂದರೆ ಒಂದೊಂದು ಚೊಂಬು ನೀರಿನಲ್ಲೂ ಇಂಧನದ ಲೆಕ್ಕ. ಸ್ನಾನ ವಾರಕ್ಕೆ ಎರಡು ಸಲ, ಎರಡೆರಡು ನಿಮಿಷ. ಬೇಸಿಗೆಯಲ್ಲಿ ನಳ ಬರುವ ದಿನ ಕಾಯುವ ನಮಗೆ ಇದೇನು ಹೊಸದಲ್ಲ. ಅಂಟಾರ್ಕ್ಟಿಕಾದಲ್ಲೇ ಇರುವ ನಮ್ಮ ದೇಶದ ಮೈತ್ರಿ ನೆಲೆ ಈ ವಿಷಯದಲ್ಲಿ ಪುಣ್ಯವಂತ: ಪಕ್ಕದಲ್ಲೇ ಪ್ರಿಯದರ್ಶಿನಿ ಸರೋವರವಿದೆ. ಕೇಪ್‌ಟೌನಿನಿಂದ ಬರುವ ವಿಮಾನ ಸಮೀಪದ ರಷ್ಯನ್ ನೆಲೆಯ ಮಂಜಿನ ರನ್‌ವೇ ಮೇಲೆ ಚಕ್ರದಲ್ಲೇ ಇಳಿಯುತ್ತದೆ.

ಬಾಗಿಲು ಹಾಕಿದ ಮೇಲೆ ಯಾರಾದರೂ ಕಾಯಿಲೆ ಬಿದ್ದರೆ? 2001ರ ಏಪ್ರಿಲ್‌ನಲ್ಲಿ ನೆಲೆಯ ವೈದ್ಯರೇ ಬಿದ್ದರು. ಆಗ ಬಂದದ್ದು ದೈತ್ಯ ಹರ್ಕ್ಯುಲಿಸ್ ಅಲ್ಲ, ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ. ರಾಥೆರಾ ಎಂಬ ಬ್ರಿಟಿಷ್ ನೆಲೆಯಿಂದ ಸುಮಾರು ಹತ್ತು ತಾಸು ಕತ್ತಲಲ್ಲಿ ಹಾರಿ, ಬದಲಿ ವೈದ್ಯರನ್ನು ಇಳಿಸಿ, ರೋಗಿಯನ್ನು ಕರೆದೊಯ್ದಿತು. 2003ರಲ್ಲಿ, ಮತ್ತೆ 2016ರ ಜೂನ್‌ನಲ್ಲಿ ಇದೇ ಜಾತಿಯ ವಿಮಾನ ಹೋಯಿತು. ಮೈನಸ್ 75ರವರೆಗೆ ತಡೆಯಬಲ್ಲದು. ಆದರೂ ಹೊರಡುವ ಮೊದಲು ಇಂಧನ, ಬ್ಯಾಟರಿ ಎಲ್ಲವನ್ನೂ ಬೆಚ್ಚಗೆ ಮಾಡಲೇಬೇಕು. ಬಿಸಿಲಿಗಿಡೋಣವೆಂದರೆ, ಅಲ್ಲಿ ಮಾರ್ಚ್‌ನಲ್ಲಿ ಮುಳುಗಿದ ಸೂರ್ಯ ಏಳುವುದು ಸೆಪ್ಟೆಂಬರ್‌ಗೆ.