ಬ್ಯಾಂಜೋ ಬಿಳಿಯರ ವಾದ್ಯ ಅಲ್ವಾ?

ಓದುಗರ ಪ್ರಶ್ನೆ: ‘ಕಪ್ಪು ಹೆಣ್ಣುಮಕ್ಕಳು ಬ್ಯಾಂಜೋವನ್ನು ವಾಪಸ್ ಪಡೆಯುತ್ತಿದ್ದಾರೆ’ ಅಂತ ಅಲ್ಲಲ್ಲಿ ಓದುತ್ತಿರುತ್ತೇನೆ. ನಾನು ನೋಡಿದ ಬ್ಯಾಂಜೋ ವಾದಕರೆಲ್ಲ ಹ್ಯಾಟು ಹಾಕಿದ ಬಿಳಿ ಗಂಡಸರೇ. ತಮ್ಮದಲ್ಲದ್ದನ್ನು ವಾಪಸ್ ಪಡೆಯೋದು ಹೇಗೆ?

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಆಗಾಗ ಬರುತ್ತದೆ. 2024ರಲ್ಲಿ ಅಮೆರಿಕದ ಕಪ್ಪು ಗಾಯಕಿ ಬಿಯಾನ್ಸೆ ಕಂಟ್ರಿ, ಅಂದರೆ ಅಲ್ಲಿನ ಹಳ್ಳಿಗಾಡಿನ ಶೈಲಿಯ, ಹಾಡು ಹಾಡಿದ ಮೇಲಂತೂ ಜಾಸ್ತಿಯಾಯಿತು. ಉತ್ತರಕ್ಕೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ತುಂಬ ಜನ ಬ್ಯಾಂಜೋ ಅನ್ನುವುದು ಬುಲ್‌ಬುಲ್ ತರಂಗಕ್ಕೆ. ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ, ಮಡಿಲಲ್ಲೋ ಮೇಜಿನ ಮೇಲೋ ಇಟ್ಟುಕೊಂಡು ನುಡಿಸುವ ಪೆಟ್ಟಿಗೆ ಅದು. ಅದರ ಮೂಲ ಜಪಾನಿನ ತೈಶೋಗೊತೊ. ಬ್ಯಾಂಜೋ ಎಂಬ ಹೆಸರು ಅದಕ್ಕೆ ಹೇಗೋ ಅಂಟಿಕೊಂಡಿದೆ, ಅಷ್ಟೇ.

ನಾವು ಮಾತಾಡುತ್ತಿರುವುದು ಅಮೆರಿಕದ ಬ್ಯಾಂಜೋ. ಗುಂಡನೆಯ ಬಳೆಗೆ ಕಂಜಿರದ ಹಾಗೆ ಚರ್ಮ ಬಿಗಿದು, ಉದ್ದನೆಯ ದಂಡಿ ಜೋಡಿಸಿ, ಐದು ತಂತಿ ಕಟ್ಟಿದ್ದು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ ಬಿಡಿ. ಐದನೆಯ ತಂತಿ ಗಿಡ್ಡ. ಅದು ದಂಡಿಯ ತುದಿಗೆ ಹೋಗುವುದೇ ಇಲ್ಲ, ಅರ್ಧ ದಾರಿಯಲ್ಲೇ ತನ್ನದೇ ಬಿರಡೆಗೆ ಸುತ್ತಿಕೊಂಡಿರುತ್ತದೆ. ವೀಣೆಯಲ್ಲಿ ಪಕ್ಕದ ತಾಳದ ತಂತಿಗಳನ್ನು ಕಿರುಬೆರಳಿನಿಂದ ಮೀಟುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ ಇದನ್ನು ಹೆಬ್ಬೆರಳು ಮೀಟುತ್ತಿರುತ್ತದೆ. ಸ್ವರ ಬದಲಾಗುವುದಿಲ್ಲ. ಶ್ರುತಿಯೂ ಅದೇ, ತಾಳವೂ ಅದೇ. ಈ ಗಿಡ್ಡ ತಂತಿಯನ್ನು ನೆನಪಿನಲ್ಲಿಡಿ.

ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾ ಕಡೆ ಜೋಲಾ ಎಂಬ ಜನ ಇದ್ದಾರೆ. ಅವರ ಅಕಾಂಟಿಂಗ್ ಎಂಬ ವಾದ್ಯಕ್ಕೆ ಸೋರೆಬುರುಡೆಯ ಒಡಲು, ಅದರ ಬಾಯಿಗೆ ಆಡಿನ ಚರ್ಮ, ಕೋಲಿನ ದಂಡಿ, ಮೂರು ತಂತಿ. ಮೂರರಲ್ಲಿ ಒಂದು ಗಿಡ್ಡ, ಅದು ಹೆಬ್ಬೆರಳಿನ ಪಾಲು. ಉಳಿದ ತಂತಿಗಳನ್ನು ತೋರುಬೆರಳಿನ ಉಗುರಿನಿಂದ ಮೇಲಿಂದ ಕೆಳಕ್ಕೆ ಹೊಡೆಯುತ್ತಾರೆ. ಅಮೆರಿಕದ ಹಳೆಯ ಬ್ಯಾಂಜೋ ಶೈಲಿಯಲ್ಲೂ ಇದೇ ಕೈಚಳಕ. ಅದಕ್ಕೆ ಅಲ್ಲಿ ‘ಕ್ಲಾಹ್ಯಾಮರ್’ ಅನ್ನುತ್ತಾರೆ. ಗ್ಯಾಂಬಿಯಾದ ಡೇನಿಯಲ್ ಜಾಟ್ಟಾ ಎಂಬುವರು ಇದನ್ನು ಹೊರಗಿನ ಸಂಗೀತ ವಿದ್ವಾಂಸರಿಗೆ ತೋರಿಸಿದಾಗ ಅವರು ಬೆರಗಾದದ್ದು ಕೈಯ ಚಲನೆ ನೋಡಿ.

ಹಾಗಂತ ಅಕಾಂಟಿಂಗೇ ಹಡಗು ಹತ್ತಿ ಬಂದು ಬ್ಯಾಂಜೋ ಆಯಿತು ಅಂದರೆ ತಪ್ಪಾಗುತ್ತದೆ. ಎನ್‌ಗೋನಿ, ಹಾಲಾಮ್, ಹೀಗೆ ಇಂಥ ವಾದ್ಯಗಳು ಆ ಕಡೆ ಹಲವು ಇವೆ. ಗುಲಾಮರಾಗಿ ಕೆರಿಬಿಯನ್ ದ್ವೀಪಗಳಿಗೆ ಬಂದವರೂ ಹಲವು ಕುಲದವರು, ಹಲವು ಭಾಷೆಯವರು. ಅವರ ನೆನಪುಗಳೆಲ್ಲ ಕಲೆತು ಹೊಸ ಮಣ್ಣಿನಲ್ಲಿ ಹುಟ್ಟಿದ ಕೂಸು ಬ್ಯಾಂಜೋ. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ 1680ರ ದಶಕದ ಕೊನೆಗೆ ಜಮೈಕಾದಲ್ಲಿ ಇದನ್ನು ಕಂಡ. 1707ರ ತನ್ನ ಪುಸ್ತಕದಲ್ಲಿ ಚಿತ್ರವನ್ನೂ ಹಾಕಿದ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್, ಸ್ವತಃ ನೂರಾರು ಗುಲಾಮರ ಒಡೆಯ, ಇದು ಆ ಜನ ಆಫ್ರಿಕಾದಿಂದ ತಂದ ವಾದ್ಯ ಎಂದೇ ಬರೆದ. ಸೌತ್ ಕ್ಯಾರೊಲೈನಾದ ಜಮೀನ್ದಾರನೊಬ್ಬ ಸುಮಾರು 1785–90ರ ಹೊತ್ತಿಗೆ ಬರೆದ ಜಲವರ್ಣ ಚಿತ್ರವೊಂದಿದೆ. ಅದರಲ್ಲಿ ಗುಲಾಮರು ಕುಣಿಯುತ್ತಿದ್ದಾರೆ, ಒಬ್ಬ ಬುರುಡೆ ಬ್ಯಾಂಜೋ ನುಡಿಸುತ್ತಿದ್ದಾನೆ. ಗಿಡ್ಡ ತಂತಿ ಸ್ಪಷ್ಟವಾಗಿ ಕಾಣುತ್ತದೆ. ಆ ತಂತಿಯನ್ನು ಕಂಡುಹಿಡಿದದ್ದು ಜೋಯಲ್ ಸ್ವೀನಿ ಎಂಬ ಬಿಳಿಯ ಅಂತ ಬಹಳ ಕಾಲ ಹೇಳಿಕೊಂಡು ಬಂದಿದ್ದರು. ಸ್ವೀನಿ ಹುಟ್ಟಿದ್ದೇ 1810ರಲ್ಲಿ!

ಹಾಗಾದರೆ ಕೈ ತಪ್ಪಿದ್ದು ಯಾವಾಗ?

ಸ್ವೀನಿಯಂಥ ಬಿಳಿಯರು ಕಪ್ಪು ಜನರಿಂದಲೇ ಬ್ಯಾಂಜೋ ಕಲಿತು ರಂಗದ ಮೇಲೆ ತಂದರು. 1843ರಲ್ಲಿ ನ್ಯೂಯಾರ್ಕಿನಲ್ಲಿ ‘ವರ್ಜೀನಿಯಾ ಮಿನ್‌ಸ್ಟ್ರೆಲ್ಸ್’ ಎಂಬ ನಾಲ್ವರ ತಂಡ ಶುರುವಾಯಿತು. ಸುಟ್ಟ ಕಾರ್ಕಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿ ದಪ್ಪ ಮಾಡಿಕೊಂಡು, ಗುಲಾಮರನ್ನು ಪೆದ್ದರ ಹಾಗೆ ಅಣಕಿಸುವ ಆಟ ಅದು. ಇಂಥ ಆಟಕ್ಕೆಲ್ಲ ‘ಮಿನ್‌ಸ್ಟ್ರೆಲ್’ ಅಂತಲೇ ಹೆಸರು. ಇಡೀ ದೇಶ ಅದಕ್ಕೆ ಮರುಳಾಯಿತು. ದಶಕಗಟ್ಟಲೆ ಅಮೆರಿಕದ ಅತಿ ದೊಡ್ಡ ಮನರಂಜನೆ ಇದೇ. ಆ ಅಣಕದ ಆಟದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಸಾಮಾನು ಬ್ಯಾಂಜೋ ಆಗಿತ್ತು.

ನನಗೆ ಈ ಕತೆಯ ತಿರುಳು ಅನಿಸುವುದು ಇಲ್ಲೇ. ‘ಬಿಳಿಯರು ಕದ್ದರು’ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಬೀರುವಿನಲ್ಲಿದ್ದ ಒಡವೆ ಕದ್ದ ಹಾಗಲ್ಲ ಇದು. ನಿಮ್ಮ ಅಜ್ಜನ ವಾದ್ಯವನ್ನು ಹಿಡಿದು ನಿಮ್ಮ ಅಜ್ಜನನ್ನೇ ಊರ ತುಂಬ ಗೇಲಿ ಮಾಡಿದರೆ, ಮೊಮ್ಮಕ್ಕಳು ಆ ವಾದ್ಯವನ್ನು ಮುಟ್ಟುತ್ತಾರಾ? ಎಷ್ಟೋ ಕಪ್ಪು ಮನೆಗಳಲ್ಲಿ ಬ್ಯಾಂಜೋ ಅಂದರೆ ಅವಮಾನ ಅನ್ನುವ ಹಾಗಾಯಿತು. ಹಳ್ಳಿ ಬಿಟ್ಟು ಉತ್ತರದ ಊರುಗಳಿಗೆ ಹೋದವರು ಅದನ್ನೂ ಬಿಟ್ಟು ಹೋದರು. ಗಿಟಾರ್ ಬಂತು, ಬ್ಲೂಸ್ ಬಂತು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಉಳಿದ ಕೆಲಸ ಮುಗಿಸಿದವು. ಕಪ್ಪು ಜನರ ಹಾಡಿಗೆ ‘ರೇಸ್ ರೆಕಾರ್ಡ್ಸ್’ ಅಂತ ಒಂದು ಪಟ್ಟಿ, ಬಿಳಿ ಹಳ್ಳಿಗರ ಹಾಡಿಗೆ ‘ಹಿಲ್‌ಬಿಲಿ’ ಅಂತ ಇನ್ನೊಂದು. ಪಿಟೀಲು-ಬ್ಯಾಂಜೋ ಜೋಡಿ ಎರಡನೆಯ ಪಟ್ಟಿಗೆ ಸೇರಿತು. ಅದೇ ಜೋಡಿಯನ್ನು ನುಡಿಸುತ್ತಿದ್ದ ಕಪ್ಪು ವಾದಕರನ್ನು ರೆಕಾರ್ಡ್ ಮಾಡಿದ್ದು ತೀರಾ ಕಡಿಮೆ. 1945ರಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಮಿಂಚಿನ ಓಟದೊಂದಿಗೆ ಬಿಲ್ ಮನ್ರೋ ತಂಡಕ್ಕೆ ಬಂದರು, ಬ್ಲೂಗ್ರಾಸ್ ಎಂಬ ವೇಗದ ತಂತಿವಾದ್ಯ ಸಂಗೀತ ಬೆಳೆಯಿತು. ನಿಮ್ಮ ತಲೆಯಲ್ಲಿರುವ ಹ್ಯಾಟಿನ ಚಿತ್ರ ಅಲ್ಲಿಂದ ಬಂದದ್ದು.

ಆದರೂ ಮನೆಗಳಲ್ಲಿ ಅದು ಪೂರಾ ಸತ್ತಿರಲಿಲ್ಲ. ಅದರಲ್ಲೂ ಹೆಂಗಸರ ಕೈಯಲ್ಲಿ. ಹೆಂಗಸರು ವೇದಿಕೆ ಹತ್ತಿದ್ದು ಕಡಿಮೆ, ಹಾಗಾಗಿ ದಾಖಲೆಯಲ್ಲಿ ಸಿಗುವುದೂ ಕಡಿಮೆ. ನಾರ್ತ್ ಕ್ಯಾರೊಲೈನಾದ ಎಲಿಜಬೆತ್ ಕಾಟನ್ ಹುಟ್ಟಿದ್ದು 1893ರಲ್ಲಿ. ಅಣ್ಣ ಕೆಲಸಕ್ಕೆ ಹೋದಾಗ ಅವನ ಬ್ಯಾಂಜೋ ಕದ್ದು ನುಡಿಸುತ್ತಿದ್ದ ಹುಡುಗಿ. ಎಡಚಿ ಬೇರೆ. ತಂತಿ ಬದಲಿಸಿದರೆ ಅಣ್ಣನಿಗೆ ಗೊತ್ತಾಗುತ್ತದಲ್ಲ, ಅದಕ್ಕೆ ವಾದ್ಯವನ್ನೇ ತಿರುವಿ ಹಿಡಿದರು. ಗಿಟಾರನ್ನೂ ಕೊನೆಯವರೆಗೆ ಹಾಗೆಯೇ ನುಡಿಸಿದರು. ಮದುವೆಯಾಯಿತು, ಚರ್ಚಿನವರು ಲೋಕದ ಹಾಡು ಬೇಡ ಎಂದರು, ದಶಕಗಳ ಕಾಲ ವಾದ್ಯ ಮುಟ್ಟಲಿಲ್ಲ. ಆಮೇಲೆ ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಮಾಡುವಾಗ, ತಪ್ಪಿಸಿಕೊಂಡಿದ್ದ ಒಂದು ಮಗುವನ್ನು ತಾಯಿಯ ಹತ್ತಿರ ಸೇರಿಸಿದರು. ಆ ಮಗು ಪೆಗ್ಗಿ ಸೀಗರ್. ಸಂಗೀತಗಾರರ ಮನೆ. ಅಲ್ಲೇ ಮನೆಗೆಲಸಕ್ಕೆ ಸೇರಿದರು, ಗೋಡೆಯ ಮೇಲಿದ್ದ ಗಿಟಾರ್ ಕೈಗೆ ತಗೊಂಡರು. ತೊಂಬತ್ತು ದಾಟಿದ ಮೇಲೆ, 1985ರಲ್ಲಿ, ಗ್ರ್ಯಾಮಿ ಬಂತು. ಇನ್ನೊಬ್ಬರು ಎಟಾ ಬೇಕರ್. ಅವರ ಹೆಸರೂ ಗಿಟಾರಿನಿಂದಲೇ ಪ್ರಸಿದ್ಧ, ಆದರೆ ಬ್ಯಾಂಜೋ ಕೂಡ ಸೊಗಸಾಗಿ ನುಡಿಸುತ್ತಿದ್ದರು.

ಈಗಿನ ಅಲೆ ಶುರುವಾದದ್ದು 2005ರ ಏಪ್ರಿಲ್‌ನಲ್ಲಿ ಎನ್ನಬಹುದು. ನಾರ್ತ್ ಕ್ಯಾರೊಲೈನಾದ ಬೂನ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ‘ಬ್ಲ್ಯಾಕ್ ಬ್ಯಾಂಜೋ ಗ್ಯಾದರಿಂಗ್’ ನಡೆಯಿತು. ಬ್ಯಾಂಜೋ ನುಡಿಸುವ ಕಪ್ಪು ಮನುಷ್ಯ ತಾನೊಬ್ಬನೇ ಅಂದುಕೊಂಡಿದ್ದವರಿಗೆಲ್ಲ ಅಲ್ಲಿ ಜೊತೆ ಸಿಕ್ಕಿತು. ಹಾಗೆ ಸೇರಿದವರಲ್ಲಿ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಮೂವರು ‘ಕ್ಯಾರೊಲೈನಾ ಚಾಕಲೇಟ್ ಡ್ರಾಪ್ಸ್’ ತಂಡ ಕಟ್ಟಿದರು. ಗಿಡೆನ್ಸ್ ಓದಿದ್ದು ಆಪೆರಾ ಗಾಯನ. ಬ್ಯಾಂಜೋ ಅವರಿಗೆ ಹಿಡಿಸಿದ್ದು ಊರ ಕಡೆಯ ಕಾಂಟ್ರಾ ಎಂಬ ಜನಪದ ಕುಣಿತದ ಕೂಟಗಳಲ್ಲಿ.

ಈ ಮೂವರೂ ಪ್ರತಿ ಗುರುವಾರ ಮೆಬೇನ್ ಎಂಬ ಊರಿಗೆ ಹೋಗುತ್ತಿದ್ದರು. ಅಲ್ಲಿ ಎಂಬತ್ತಾರರ ಜೋ ಥಾಂಪ್ಸನ್ ಇದ್ದರು, ಮನೆತನದಿಂದ ಬಂದ ಪಿಟೀಲು ನುಡಿಸುವವರು. ಅವರ ಜೊತೆ ಬ್ಯಾಂಜೋ ಹಿಡಿಯುತ್ತಿದ್ದ ಸೋದರಸಂಬಂಧಿ ಓಡೆಲ್ 1994ರಲ್ಲಿ ತೀರಿಕೊಂಡಿದ್ದರು. ಆ ಖಾಲಿ ಜಾಗದಲ್ಲಿ ಕೂತು ಹುಡುಗರು ಕಲಿತರು. ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ. ಅವರು ನುಡಿಸಿದ್ದನ್ನು ಕೇಳು, ನುಡಿಸು, ತಪ್ಪಿದರೆ ಮತ್ತೆ ನುಡಿಸು. ನಮ್ಮ ಗುರುಮನೆ ಪಾಠದ ಹಾಗೆಯೇ. ಆ ತಂಡದ 2010ರ ಆಲ್ಬಂಗೆ ಮುಂದಿನ ವರ್ಷ ಗ್ರ್ಯಾಮಿ ಸಿಕ್ಕಿತು.

ಆ ಆಲ್ಬಂನಲ್ಲಿ ಒಂದು ಸಣ್ಣ ಮಟ್ಟು ಇದೆ. ಅದರ ಜಾತಕ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಮಸಿ ಬಳಿದುಕೊಂಡು ಕುಣಿದ ನಾಲ್ವರ ಮುಂದಾಳು ಡ್ಯಾನ್ ಎಮೆಟ್ ಬರೆದಿಟ್ಟಿದ್ದ ಮಟ್ಟು ಅದು. ಎಮೆಟ್‌ನ ಊರು ಒಹಾಯೊದ ನಾಕ್ಸ್ ಕೌಂಟಿ. ಅಲ್ಲೇ ಸ್ನೋಡೆನ್ ಎಂಬ ಕಪ್ಪು ಕುಟುಂಬವೊಂದಿತ್ತು. ಮನೆಮಂದಿಯೆಲ್ಲ ಸಂಗೀತಗಾರರು, ಹೆಣ್ಣುಮಕ್ಕಳು ಪಿಟೀಲು ನುಡಿಸುತ್ತಿದ್ದರು. ಎಮೆಟ್ ಇದನ್ನು ಅವರಿಂದಲೇ ಕಲಿತಿರಬೇಕು ಎಂದುಕೊಂಡ ಡ್ರಾಪ್ಸ್ ತಂಡ ಈ ಮಟ್ಟನ್ನು ‘ಸ್ನೋಡೆನ್ಸ್ ಜಿಗ್’ ಎಂದು ಕರೆದು ಆ ಮನೆಯ ಹೆಸರಿಗೆ ಕೊಟ್ಟಿತು.

ವಿಚಿತ್ರ ನೋಡಿ. ಗುಲಾಮರು ತಾವೇ ಬರೆದಿಟ್ಟ ಸ್ವರಲಿಪಿ ನಮಗಿಲ್ಲ. ಅವರಿಗೆ ಓದು ಕಲಿಸುವುದೇ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಅವರ ಕೈಚಳಕ ಕಾಗದಕ್ಕೆ ಇಳಿದದ್ದು ಅವರನ್ನು ಅಣಕಿಸಿದವರ ಕೈಯಿಂದ. 1855ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದ ಬ್ಯಾಂಜೋ ಪಾಠದ ಪುಸ್ತಕ ಕಲಿಸುವುದು ಅದೇ ಹಳೆಯ ಉಗುರಿನ ಹೊಡೆತವನ್ನು. ಹಾಗಾಗಿ ಅಜ್ಜಿಯ ರಾಗ ಬೇಕಾದರೆ ಅಜ್ಜಿಯನ್ನು ಆಡಿಕೊಂಡವನ ಡೈರಿ ತೆರೆಯಬೇಕು. ಗಿಡೆನ್ಸ್ ಮಾಡಿದ್ದು ಅದನ್ನೇ. ಅವರು ಹೆಚ್ಚಾಗಿ ನುಡಿಸುವುದು 1858ರ ಬ್ಯಾಂಜೋ ಒಂದರ ಪಡಿಯಚ್ಚು, ಅಂದರೆ ಮಿನ್‌ಸ್ಟ್ರೆಲ್ ಕಾಲದ್ದೇ. ಅದಕ್ಕೆ ವೀಣೆಯಂಥ ಮೆಟ್ಟಿಲುಗಳಿಲ್ಲ. ಬ್ಲೂಗ್ರಾಸ್ ಬ್ಯಾಂಜೋದ ಕಿಣಿಕಿಣಿ ಕೇಳಿದ ಕಿವಿಗೆ ಇದು ಬೇರೆ ವಾದ್ಯ ಅನಿಸುತ್ತದೆ. ದನಿ ಮಂದ್ರದ್ದು, ಗುಮ್ಮನೆ, ಸ್ವಲ್ಪ ಒದ್ದೆಯಾದ ಹಾಗೆ. ನಾನು ಮೊದಲ ಸಲ ಕೇಳಿದಾಗ ಬ್ಯಾಂಜೋ ಎಲ್ಲಿದೆ ಅಂತ ಹುಡುಕಿದ್ದೆ!

ಹೆಣ್ಣುಮಕ್ಕಳೇ ಯಾಕೆ ಎನ್ನುವುದಕ್ಕೆ ಬರೋಣ. ಗಂಡಸರು ಇಲ್ಲ ಅಂತಲ್ಲ, ಡಾಮ್ ಫ್ಲೆಮನ್ಸ್ ದೊಡ್ಡ ಹೆಸರು. ಆದರೆ ಹೆಂಗಸರು ಬ್ಯಾಂಜೋ ಹಿಡಿದು ಹಾಡಲು ಹೊರಟಾಗ ಹಾಡುಗಳ ವಿಷಯವೇ ಬದಲಾಯಿತು. ಗಿಡೆನ್ಸ್ ಹಳೆಯ ಜಾಹೀರಾತೊಂದನ್ನು ಕಂಡರು. ಯುವತಿಯೊಬ್ಬಳು ಮಾರಾಟಕ್ಕಿದ್ದಾಳೆ, ಜೊತೆಗೆ ಒಂಬತ್ತು ತಿಂಗಳ ಕೂಸಿದೆ, ಕೂಸು ಬೇಕೋ ಬೇಡವೋ ಕೊಳ್ಳುವವರ ಇಷ್ಟ. ಅವರ 2017ರ ಆಲ್ಬಂನ ಮೊದಲ ಹಾಡು ಆ ತಾಯಿಯದ್ದು. 2019ರಲ್ಲಿ ಅಮೆಥಿಸ್ಟ್ ಕಾಯಾ, ಲೇಲಾ ಮೆಕಾಲಾ, ಆಲಿಸನ್ ರಸೆಲ್ ಜೊತೆ ಸೇರಿ ‘ಅವರ್ ನೇಟಿವ್ ಡಾಟರ್ಸ್’ ಹೆಸರಿನಲ್ಲಿ ಆಲ್ಬಂ ಮಾಡಿದರು. ನಾಲ್ವರು ಕಪ್ಪು ಹೆಣ್ಣುಮಕ್ಕಳು, ನಾಲ್ವರೂ ಬ್ಯಾಂಜೋ ಹಿಡಿಯುವವರು. ಮೆಕಾಲಾ ಹೈಟಿ ಮೂಲದವರು, ಅಲ್ಲಿ ಈ ವಾದ್ಯದ ಹೆಸರು ಬಾಂಜಾ. 1841ರಲ್ಲಿ ಹೈಟಿಯಿಂದ ಒಯ್ದ ಬಾಂಜಾ ಒಂದು ಇವತ್ತಿಗೂ ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿದೆ. ರಸೆಲ್ ಹಾಡಿದ್ದು ತನ್ನ ವಂಶದ ಮೂಲ ಹೆಂಗಸು ಕ್ವಾಶೀಬಾ ಬಗ್ಗೆ. ಘಾನಾದಿಂದ ಹಿಡಿದು ತಂದು ಗ್ರೆನಡಾದ ಕಬ್ಬಿನ ತೋಟಕ್ಕೆ ಮಾರಿದ್ದರು ಅವಳನ್ನು. ಇನ್ನೊಂದು ಹಾಡಿನಲ್ಲಿ ಜಾನ್ ಹೆನ್ರಿಯ ಹೆಂಡತಿ ಪಾಲಿ ಆ್ಯನ್ ಬರುತ್ತಾಳೆ. ಸುತ್ತಿಗೆ ಹಿಡಿದು ಯಂತ್ರದ ಜೊತೆ ಪಂದ್ಯ ಕಟ್ಟಿದ ಹೆನ್ರಿಯ ಲಾವಣಿ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತು. ಅವನು ಕಾಯಿಲೆ ಬಿದ್ದಾಗ ಸುತ್ತಿಗೆ ಎತ್ತಿದ ಹೆಂಡತಿಗೆ ಆ ಲಾವಣಿಯಲ್ಲಿ ಒಂದೆರಡು ಸಾಲು, ಅಷ್ಟೇ.

2024ರ ಫೆಬ್ರವರಿಯಲ್ಲಿ ಬಿಯಾನ್ಸೆಯ ‘ಟೆಕ್ಸಸ್ ಹೋಲ್ಡ್ ಎಮ್’ ಬಂತು. ಅದರ ಶುರುವಿನಲ್ಲೇ ಕೇಳುವ ಬ್ಯಾಂಜೋ ಗಿಡೆನ್ಸ್ ಅವರದ್ದು. ಬಿಲ್‌ಬೋರ್ಡ್‌ನ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಮೊದಲ ಕಪ್ಪು ಹೆಣ್ಣುಮಗಳು ಬಿಯಾನ್ಸೆ. ಬ್ಯಾಂಜೋ ಕತೆಯನ್ನು ಎಂದೂ ಕೇಳದ ಕೋಟ್ಯಂತರ ಜನರ ಕಿವಿಗೆ ಆ ದನಿ ಬಿತ್ತು, ಅದು ಸಣ್ಣ ಮಾತಲ್ಲ. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಕ್ಯಾಲಿಫೋರ್ನಿಯಾದ ‘ಬ್ಲ್ಯಾಕ್ ಬ್ಯಾಂಜೋ ರಿಕ್ಲಮೇಷನ್ ಪ್ರಾಜೆಕ್ಟ್’ ಮಾಡುತ್ತಿರುವ ಕೆಲಸ. ಅವರು ಸೋರೆಬುರುಡೆಯಿಂದ ಬ್ಯಾಂಜೋ ಮಾಡುವುದನ್ನು ಕಲಿಸುತ್ತಾರೆ, ಕಪ್ಪು ಜನರ ಕೈಗೆ ವಾದ್ಯ ಸಿಗುವ ಹಾಗೆ ಮಾಡುತ್ತಾರೆ. ಹಾಡು ಪಟ್ಟಿಯಿಂದ ಇಳಿಯುತ್ತದೆ. ಮನೆಯಲ್ಲಿ ವಾದ್ಯ ಇದ್ದರೆ ಮಗು ಯಾವತ್ತೋ ಒಂದು ದಿನ ಎತ್ತಿಕೊಳ್ಳುತ್ತದೆ, ಕಾಟನ್ ಅಣ್ಣನ ಬ್ಯಾಂಜೋ ಎತ್ತಿಕೊಂಡ ಹಾಗೆ.

ಅಂದಹಾಗೆ, ಈಗ ಬಿಳಿಯರು ನುಡಿಸಬಾರದಾ ಅಂತ ಕೆಲವರು ಕೇಳುತ್ತಾರೆ. ಹಾಗೆ ಯಾರೂ ಹೇಳಿಲ್ಲ. ಗಿಡೆನ್ಸ್ ಅವರಿಗೆ 2016ರಲ್ಲಿ ಒಂದು ಬ್ಯಾಂಜೋ ಪ್ರಶಸ್ತಿ ಸಿಕ್ಕಿತು, ಅದನ್ನು ಸ್ಥಾಪಿಸಿದ್ದು ನಟ ಸ್ಟೀವ್ ಮಾರ್ಟಿನ್, ಸ್ವತಃ ಬ್ಯಾಂಜೋ ವಾದಕ, ಬಿಳಿಯ. ವಾದ್ಯ ಯಾರು ಬೇಕಾದರೂ ನುಡಿಸಲಿ, ಅದು ಎಲ್ಲಿಂದ ಬಂತು ಅನ್ನುವುದನ್ನು ಮುಚ್ಚಬೇಡಿ ಅನ್ನುವುದಷ್ಟೇ ಈ ಹೆಣ್ಣುಮಕ್ಕಳ ಕೇಳಿಕೆ.

ಯೂಟ್ಯೂಬ್‌ನಲ್ಲಿ ಗಿಡೆನ್ಸ್ ನುಡಿಸುವುದನ್ನು ಹಾಕಿಕೊಂಡು ಒಮ್ಮೆ ಅವರ ಬಲಗೈ ಮಾತ್ರ ನೋಡಿ. ಆಮೇಲೆ ಜೋಲಾ ವಾದಕರ ಅಕಾಂಟಿಂಗ್ ಹಾಕಿ. ಉಗುರು ಕೆಳಕ್ಕೆ ಬೀಳುತ್ತದೆ, ಹಿಂದೆಯೇ ಹೆಬ್ಬೆರಳು ಗಿಡ್ಡ ತಂತಿಗೆ.